ಮೂರನೇ ಹಂಡೆ

ಏಳು ಜಾಡಿ, ಓರ್ಫಾ. ಇನ್ನೊಂದ್ಸಲ ಹೇಳ್ತೀನಿ, ಏಳು. ನೆಲಮಾಳಿಗೆ ಕಪಾಟಿಂದ ಏಳು ಜಾಡಿ ಉಂಗುರ ಪಾಸ್ತಾ ಕಾಲು ಬಂದ ಹಾಗೆ ಎದ್ದು ಹೋಗಿವೆ. ಹೋದ ಗುರುವಾರ ಇದ್ವು, ಈ ಶುಕ್ರವಾರ ಇಲ್ಲ. ಇಲಿ ಅನ್ಬೇಡ, ಇಲಿಗೆ ಮುಚ್ಚಳ ತಿರುಗಿಸೋಕೆ ಬರಲ್ಲ... ಬೇಡ ಬೇಡ, ನೀನು ಏಳ್ಬೇಡ. ಕಾಫಿ ನಾನೇ ಬಗ್ಗಿಸ್ಕೋತೀನಿ. ಮೂವತ್ತೊಂದು ವರ್ಷ ಇದೇ ಒಲೆ ಮುಂದೆ ಬೆಂದವಳಿಗೆ ಲೋಟ ಎಲ್ಲಿದೆ ಅಂತ ಗೊತ್ತಿಲ್ವೇ. ಆಟ್ಲಿ ನಿನ್ನ ಮದುವೆ ಮಾಡ್ಕೊಂಡು ಬಂದ ಮೇಲೆ ತಾನೇ ನಾನು ಅಂಗಳದಾಚೆ ಅಜ್ಜಿಮನೆಗೆ ಹೋಗಿದ್ದು. ದೊಡ್ಡಮನೆ ಸೊಸೆಗೆ, ಚಿಕ್ಕಮನೆ ಅತ್ತೆಗೆ. ಪದ್ಧತಿ, ಸರಿ. ನಾನೇನು ಬೇಜಾರು ಮಾಡ್ಕೊಂಡ್ನಾ? ಮಾಡ್ಕೊಳ್ಳಲಿಲ್ಲ. ಈಗ ಕೇಳ್ತಿರೋದು ಒಂದೇ ಮಾತು. ಆ ಏಳು ಜಾಡಿ ಮಕ್ಕಳ ಊಟದ ಡಬ್ಬಿಗೆ ಹೋಯ್ತಾ, ಇಲ್ವಾ?

ಇವತ್ತು ಬೆಳಿಗ್ಗೆ ಮೂರೂ ಶಾಲೆಗೆ ಹೊರಟ್ವಲ್ಲ, ಡೆಲ್ಲಾ, ವರ್ಲಿನ್, ನಮ್ಮ ಪುಟ್ಟ ಫೀಬಿ. ಕಿಟಕಿಯಿಂದ ನೋಡ್ತಾನೇ ಇದ್ದೆ. ಡಬ್ಬಿ ಭಾರ ಇತ್ತು. ಫೀಬಿ ಎರಡು ಕೈಯಲ್ಲಿ ಎತ್ಕೊಂಡು ಹೊಟ್ಟೆಗೆ ಒತ್ಕೊಂಡು ನಡೀತಿದ್ಲು. ಬರೀ ಬ್ರೆಡ್ಡು, ಸೇಬುಹಣ್ಣಿಗೆ ಅಷ್ಟು ಭಾರ ಬರುತ್ತಾ? ಒಳಗೆ ಏನಿತ್ತು?

ಹೇಳಲ್ಲ. ಸರಿ.

ನಿನ್ನೆ ಬೆಳಿಗ್ಗೆಯಿಂದ ಹೀಗೇ, ಬಾಯಿಗೆ ಬೀಗ. ಆಟ್ಲಿನ ಕೇಳಿದ್ರೆ 'ಅವಳಿಗೆ ಸುಸ್ತಾಗಿದೆ, ಬಿಡಮ್ಮ' ಅಂತಾನೆ. ಸುಸ್ತಂತೆ. ಗಂಡಸರಿಗೆ ಹೆಂಡ್ತಿ ಸಿಟ್ಟಾಗಿರೋದೂ ಸುಸ್ತಾಗಿರೋದೂ ಒಂದೇ ಥರ ಕಾಣುತ್ತೆ. ನನಗೆ ಗೊತ್ತಾಗಲ್ವಾ? ಬುಧವಾರ ನಾನು ಆ ಮಾತು ಅಂದಿದ್ದಕ್ಕೆ ಇದು. ಅಂದೆ, ಇಲ್ಲ ಅನ್ನಲ್ಲ. 'ಬೈಬಲಿನಲ್ಲಿ ಅತ್ತೆನ ನಡುದಾರಿಯಲ್ಲಿ ಬಿಟ್ಟು ತವರಿಗೆ ತಿರುಗಿದ ಸೊಸೆ ಹೆಸರೂ ಓರ್ಫಾನೇ, ನಿಮ್ಮಪ್ಪ ನೋಡಿಯೇ ಇಟ್ಟಿದಾನೆ' ಅಂದೆ. ತಮಾಷೆಗೆ ಅಂದಿದ್ದು ಕಣೇ. ನೀನೂ ನಕ್ಕೆ ಆವತ್ತು. ಎದುರಿಗೆ ನಕ್ಕು, ಮಾರನೇ ದಿನದಿಂದ ಮಾತು ಬಿಡೋದು ಯಾವ ನ್ಯಾಯ?

ನೋಡು, ನಾನು ಜಗಳಕ್ಕೆ ಬಂದಿಲ್ಲ. ಭಾನುವಾರ ತಯಾರಿ ಸಭೆ ಇದೆ, ನೆನಪಿದೆ ತಾನೇ? ಬಿಷಪ್ಪರು ಒಬ್ಬೊಬ್ಬರನ್ನೇ ಕೇಳ್ತಾರೆ, ದೇವರ ಜೊತೆ, ಸಭೆ ಜೊತೆ ನಿಮಗೆ ಸಮಾಧಾನ ಇದೆಯಾ ಅಂತ. ಇದೆ ಅಂದ್ರೆ ಪವಿತ್ರ ಭೋಜನ. ಒಬ್ಬರು ಇಲ್ಲ ಅಂದ್ರೂ ಎಲ್ಲರಿಗೂ ನಿಲ್ಲುತ್ತೆ. ನಮ್ಮ ಸಭೆಯ ಇಬ್ಬರು ಅಣ್ಣತಮ್ಮಂದಿರು ಬೇಲಿ ಜಗಳ ಆಡ್ಕೊಂಡು ಇಡೀ ಸಭೆಗೆ ಚಳಿಗಾಲ ಪೂರ್ತಿ ಭೋಜನ ತಪ್ಪಿಸಿದ್ದು ಮರೆತಿದೀಯಾ? ನಮ್ಮನೆಯಿಂದ ಹಾಗಾಗಬಾರದು. ಅದಕ್ಕೇ ಬಂದೆ. ನಿನ್ನ ಮನಸ್ಸಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನನ್ನ ಮನಸ್ಸಲ್ಲಿ ಏನೂ ಇಲ್ಲ. ತೊಳೆದಿಟ್ಟ ಹಾಗಿದೆ.

ಯಾಕೆ ಹಾಗೆ ನೋಡ್ತೀಯ?

ಅರ್ಧ ಕಣ್ಣು ಮುಚ್ಕೊಂಡು... ಪೂರ್ತಿ ರೆಪ್ಪೆ ಎತ್ತಿ ನೋಡೋಕೂ ನಾನು ಯೋಗ್ಯಳಲ್ವಾ? ನಮ್ಮತ್ತೆ ಎದುರಿಗೆ ನಾನು ಹೀಗೆ ಕೂತಿದ್ರೆ ಒಲೆ ಸೌದೆ ತಲೆ ಮೇಲೆ ಬೀಳ್ತಿತ್ತು. ಕೆನ್ನೆಗೆ ಕೈ ಕೊಟ್ಕೊಂಡು, ಮೇಜಿನ ಮೇಲೆ ಮೊಳಕೈ ಊರಿ. ಇರಲಿ. ಕಾಲ ಬದಲಾಗಿದೆ.

ಆ ಪಾಸ್ತಾ ಶುರುವಾಗಿದ್ದೇ ಯಾರಿಂದ ಹೇಳು. ನನ್ನಿಂದಲ್ಲ. ರಸ್ತೆಯಾಚೆ ಮನೆ ಗ್ಲೆಂಡಾ ಇದಾಳಲ್ಲ, ಆ ಕಾರಿನ ಇಂಗ್ಲಿಷಿನವಳು, ನಮ್ಮ ಆಮಿಶ್ ಸಭೆಗೆ ಸೇರದವಳು, ಅವಳ ಮನೆಯಲ್ಲಿ ಡೆಲ್ಲಾ ತಗಡಿನ ಡಬ್ಬಿಯ ಉಂಗುರ ಪಾಸ್ತಾ ತಿಂದು ಬಂದಳು. ಬಂದವಳೇ 'ಅಜ್ಜಿ, ಕೆಂಪು ಗೊಜ್ಜಲ್ಲಿ ಪುಟ್ಟ ಪುಟ್ಟ ಉಂಗುರ, ಚಮಚದಲ್ಲಿ ಎತ್ತಿದ್ರೆ ಜಾರಿ ಜಾರಿ ಬೀಳುತ್ತೆ, ನಮ್ಮ ಡಬ್ಬಿಗೂ ಬೇಕು' ಅಂತ ಹಿಂದೆ ಬಿದ್ದಳು. ಬೇರೆಯವರ ತಗಡು ಡಬ್ಬಿಗೆ ನಮ್ಮ ಮಕ್ಕಳು ಬಾಯಿ ಬಿಡ್ಬೇಕಾ? ನಾನು ಸತ್ತಿದೀನಾ? ಅಂತ ಒಂಬತ್ತು ಬುಟ್ಟಿ ಟೊಮೆಟೊ ಕೊಯ್ದೆ. ಈರುಳ್ಳಿ, ಸೆಲರಿ, ಬೆಣ್ಣೆ, ಒಂಚೂರು ಸಕ್ಕರೆ. ಜರಡಿಯಲ್ಲಿ ಅರೆದೂ ಅರೆದೂ ಈ ತೋಳು ವಾರಗಟ್ಟಲೆ ಎತ್ತೋಕಾಗಲಿಲ್ಲ. ಉಂಗುರ ಸೇರಿಸಿ ಜಾಡಿಗೆ ತುಂಬಿ, ಮುಚ್ಚಳ ಬಿಗಿದು, ವರ್ಷ ಪೂರ್ತಿ ಕೆಡದ ಹಾಗೆ ಜಾಡಿ ಸಮೇತ ಹಂಡೆ ನೀರಲ್ಲಿ ಕುದಿಸಿದೆ, ಎಂಬತ್ನಾಲ್ಕು ಜಾಡಿ. ಒಂದು ಹಂಡೆಗೆ ಇಪ್ಪತ್ತೆಂಟರ ಲೆಕ್ಕದಲ್ಲಿ ಮೂರು ಹಂಡೆ. ಬಟ್ಟೆ ಒಗೆಯೋ ಕೊಟ್ಟಿಗೆಯಲ್ಲಿ, ಆಗಸ್ಟಿನ ಆ ಸೆಕೆಯಲ್ಲಿ, ಒಬ್ಬಳೇ. ನೀನು ತಂಗಿ ಬಾಣಂತನ ಅಂತ ಹೋಗಿದ್ದೆ. ಹೋಗಿದ್ದು ತಪ್ಪು ಅಂತಿಲ್ಲ, ಒಬ್ಬಳೇ ಮಾಡಿದೆ ಅಂತ ಹೇಳ್ತಿದೀನಿ ಅಷ್ಟೇ.

ಬಂದವಳು ನೀನು ಏನಂದೆ? 'ಚೆನ್ನಾಗಿ ಕಾಣುತ್ತೆ ಅತ್ತೆ' ಅಂದ್ಯಾ? ಇಲ್ಲ. ಒಂದು ಕಾಗದ ತೆಗೆದೆ. ಆರೋಗ್ಯ ಇಲಾಖೆ ಹೆಂಗಸು 'ಆಮಿಶ್ ತಾಯಂದಿರಿಗೆ' ಅಂತ ಹಂಚಿ ಹೋದ ಕಾಗದ. ಪಾಸ್ತಾ ಜಾಡಿಗೆ ಹಾಕಿ ಮನೆಯಲ್ಲಿ ಕುದಿಸಿ ಇಡಲೇಬಾರದಂತೆ. ಬರೀ ಟೊಮೆಟೊ ಗೊಜ್ಜು ಇಟ್ಕೊಂಡು, ತಿನ್ನೋ ದಿನ ಪಾಸ್ತಾ ಬೇಯಿಸಿ ಹಾಕ್ಕೋಬೇಕಂತೆ. ಮಾಂಸ, ಹುರುಳಿಕಾಯಿ ಇಂಥದ್ದಕ್ಕೆಲ್ಲ ಒತ್ತಡ ತೋರಿಸೋ ಮುಳ್ಳಿರೋ ಆ ದೊಡ್ಡ ಕುಕ್ಕರೇ ಆಗಬೇಕಂತೆ. ನಮ್ಮಮ್ಮ ಹಂಡೆ ನೀರಲ್ಲಿ ಮೂರು ಗಂಟೆ ಕುದಿಸಿ ಹದಿಮೂರು ಮಕ್ಕಳನ್ನ ಸಾಕಿದಳು. ಅವಳಿಗೆ ಯಾರು ಕಾಗದ ಕೊಟ್ಟಿದ್ರು? 'ಮೂರು ಗಂಟೆ, ಒಂದು ನಿಮಿಷ ಕಮ್ಮಿ ಇಲ್ಲ' ಅಂದೆ ನಾನು. ನೀನು ಕಾಗದ ಮಡಚಿ ಬೈಬಲ್ ಕೆಳಗೆ ಇಟ್ಟೆ.

ಅಲ್ಲಿಂದ ಶುರುವಾಯ್ತು. ಶಾಲೆ ತೆರೆದು ಒಂದು ತಿಂಗಳಾದ್ರೂ ನನ್ನ ಜಾಡಿ ಒಂದೂ ಮೇಲೆ ಬರಲಿಲ್ಲ. ಮಿಕ್ಕ ಮನೆ ಮಕ್ಕಳೆಲ್ಲ ಶಾಲೆ ಒಲೆ ಮೇಲೆ ತಟ್ಟೆ ನೀರಲ್ಲಿ ತಮ್ಮ ತಮ್ಮ ಜಾಡಿ ಇಟ್ಕೊಂಡು ಬೆಚ್ಚಗೆ ಮಾಡ್ಕೊಂಡು ತಿಂತಾರೆ, ನನ್ನ ಮೊಮ್ಮಕ್ಕಳು ತಣ್ಣನೆ ಬ್ರೆಡ್ಡು ಕಚ್ಚುತ್ವೆ. ನನಗೆ ಹೊಟ್ಟೆ ಉರಿಯಲ್ವಾ? ಕೌದಿ ಹೊಲಿಯೋ ಕೂಟದಲ್ಲಿ ಹೇಳ್ದೆ. ಹೌದು, ಹೇಳ್ದೆ. ಹನ್ನೊಂದು ಜನ ಹೆಂಗಸರ ಮುಂದೆ. 'ನನ್ನ ಸೊಸೆಗೆ ನನ್ನ ಕೈ ಮೇಲೆ ನಂಬಿಕೆ ಇಲ್ಲ, ಅತ್ತೆ ಮಾಡಿದ್ದು ವಿಷ ಅಂದ್ಕೊಂಡಿದಾಳೆ' ಅಂದೆ. ಅದು ನಿನ್ನ ಕಿವಿಗೆ ಬಿತ್ತು. ಬೀಳಲಿ ಅಂತಲೇ ಹೇಳಿದ್ದು.

ಈಗ ಅನುಮಾನ ಎಲ್ಲಿ ಅಂದ್ರೆ... ಹೋದ ಗುರುವಾರ ನೀನು ಬಂದು, ತಲೆ ತಗ್ಗಿಸ್ಕೊಂಡು, 'ಅತ್ತೆ, ಪವಿತ್ರ ಭೋಜನಕ್ಕೆ ಮುಂಚೆ ಇದು ಮುಗೀಲಿ, ನಿಮ್ಮ ಜಾಡಿ ತೆಗೀತೀನಿ' ಅಂದೆ ನೋಡು. ಅಷ್ಟು ಸುಲಭಕ್ಕೆ? ಎರಡು ತಿಂಗಳು ಜಗ್ಗದವಳು ಒಂದೇ ದಿನಕ್ಕೆ ಬಗ್ಗಿದ್ಲು ಅಂದ್ರೆ ಏನೋ ಇದೆ ಅಂತ ಆವತ್ತೇ ಅನ್ನಿಸ್ತು. ಇವಳು ತೆಗೀತೀನಿ ಅಂದಿದ್ದು ತಿನ್ನಿಸೋಕೋ, ತಿಪ್ಪೆಗೆ ಸುರಿಯೋಕೋ? ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರೂ ನೋಡಲ್ಲ ಅನ್ಕೊಳ್ಳುತ್ತಂತೆ. ನಾನು ನೋಡ್ತೀನಿ ಕಣಮ್ಮ. ದಿನಾ ಎಣಿಸ್ತೀನಿ. ದಿನಕ್ಕೊಂದು ಕಮ್ಮಿ. ಕರಾರುವಾಕ್ಕಾಗಿ ದಿನಕ್ಕೊಂದು.

ಮೂರು ಮಕ್ಕಳಿಗೆ ದಿನಕ್ಕೊಂದೇ ಜಾಡಿ ಯಾಕೆ? ಹಂಚ್ಕೊಂಡು ತಿಂತಾವಾ? ಶನಿವಾರ ಶಾಲೆ ಇಲ್ಲ, ಭಾನುವಾರ ಶಾಲೆ ಇಲ್ಲ, ಆಗಲೂ ಒಂದೊಂದು ಹೋಗಿದೆ. ಇದು ನನ್ನ ತಲೆಗೆ ಹತ್ತುತ್ತಿಲ್ಲ. ಡೆಲ್ಲಾನ ಕೇಳ್ದೆ, 'ಏನು ತಿಂದೆ ಚಿನ್ನ ಮಧ್ಯಾಹ್ನ?' ಅಂತ. 'ಬ್ರೆಡ್ಡು' ಅಂತು. ಮಗೂಗೆ ನೀನು ಹೇಳ್ಕೊಟ್ಟಿರಬೇಕು ಅನ್ಕೊಂಡೆ. ವರ್ಲಿನ್‌ಗೆ ಸುಳ್ಳು ಬರಲ್ಲ, ಅವನನ್ನ ಕೇಳೋಣ ಅಂದ್ರೆ ಸಿಕ್ಕಲಿಲ್ಲ.

ಎಸೆದಿದ್ರೆ ಹೇಳ್ಬಿಡು. ನಾನೇನೂ ಅನ್ನಲ್ಲ.

ನಿಜವಾಗ್ಲೂ ಅನ್ನಲ್ಲ. ಹಂದಿಗೆ ಹಾಕಿದ್ಯಾ? ಹಾಕಿದೆ ಅನ್ನು. ಗುಂಡಿ ತೋಡಿ ಸುರಿದ್ಯಾ? ಸುರಿದೆ ಅನ್ನು, ನಾನು ಎದ್ದು ನನ್ನ ಮನೆಗೆ ಹೋಗ್ತೀನಿ, ಭಾನುವಾರ ಇಬ್ಬರೂ ಸಮಾಧಾನ ಅಂತ ಹೇಳೋಣ. ಏನು, ಆಶ್ಚರ್ಯನಾ? ನನ್ನ ಕೈಯಾರೆ ಮಾಡಿದ್ದನ್ನ ನೀನು ಎಸೆದೆ ಅಂದ್ರೆ ನಾನು ಆಕಾಶ ಭೂಮಿ ಒಂದು ಮಾಡ್ತೀನಿ ಅನ್ಕೊಂಡಿದ್ಯಾ? ಮಾಡಲ್ಲ. ಮನುಷ್ಯರು ಬದಲಾಗ್ತಾರೆ.

ಕುಡಿ, ಕಾಫಿ ಆರ್ತಿದೆ. ನಿನಗೂ ಬಗ್ಗಿಸಿದೀನಲ್ಲ. ಲೋಟ ಇಲ್ಲಿದೆ, ಅಲ್ಲಲ್ಲ, ಪಕ್ಕದಲ್ಲಿ ಏನು ತಡಕಾಡ್ತೀಯ... ಹಾಂ, ಅದು. ಮೆಲ್ಲಗೆ. ಅಯ್ಯೋ, ಗಲ್ಲದ ಮೇಲೆಲ್ಲ ಸುರೀತು. ಏನೇ ಇದು, ಫೀಬಿಗಿಂತ ಕಡೆ ಆದ್ಯಲ್ಲ. ಭುಜದ ಮೇಲಿನ ಹೊದಿಕೆಗೆ ಚುಚ್ಚೋ ಪಿನ್ನು ಬೇರೆ ಸೊಟ್ಟಂಬಟ್ಟ, ಒಂದು ಕಡೆ ಎರಡು, ಇನ್ನೊಂದು ಕಡೆ ಇಲ್ಲವೇ ಇಲ್ಲ. ನಿನ್ನೆ ಪ್ರಾರ್ಥನೆ ಹೊತ್ತಲ್ಲಿ ತೂಕಡಿಸ್ತಿದ್ದೆಯಂತೆ. ಬಾಗಿಲು ದಾಟುವಾಗ ಚೌಕಟ್ಟು ಹಿಡ್ಕೊಂಡೆ, ಅದನ್ನೂ ನೋಡ್ದೆ. ಓಹೋ. ಒಂದು ನಿಮಿಷ. ತಿಂಗಳು ನಿಂತಿದೆಯಾ? ಹಾಗಂತ ಹೇಳೋದಲ್ವೇನೇ. ಸಂತೋಷದ ಸುದ್ದಿನೂ ಅತ್ತೆಯಿಂದ ಮುಚ್ಚಿಡ್ಬೇಕಾ? ನಾಲ್ಕನೇ ಮಗು ಅಂತ ನಾನು ಏನಾದ್ರೂ ಅಂದೇನು ಅಂತ ಭಯಾನಾ?

ತಲೆ ಅಲ್ಲಾಡಿಸ್ತೀಯ. ಅದೂ ಅಲ್ಲ.

ಹಾಗಾದ್ರೆ ಇದು ಬರೀ ಸಿಟ್ಟು. ಆಯ್ತು. ಮೌನ ಸಮ್ಮತಿ ಲಕ್ಷಣ ಅಂತಾರೆ. ನೀನು ಮಾತಾಡ್ದೇ ಇದ್ರೆ ನಾನೇ ತೀರ್ಮಾನಕ್ಕೆ ಬರ್ತೀನಿ. ಕಪಾಟಲ್ಲಿ ಈಗ ಅರವತ್ತೊಂದು ಜಾಡಿ ಇದೆ. ಏಳು ನೀನು ತೆಗೆದಿದೀಯ. ಅದರಲ್ಲಿ ಅನುಮಾನವೇ ಇಲ್ಲ...

ಏನದು, ಚೆಲ್ಲಿದ ಕಾಫಿಯಲ್ಲಿ ಬೆರಳಾಡಿಸ್ತಿದೀಯ. ಮೇಜು ಕರೆ ಆಗುತ್ತೆ. ಏನು ಬರೀತೀಯ? ಎರಡು. ಮೂರು. ಇಪ್ಪತ್ತಮೂರು.

ಇಪ್ಪತ್ತಮೂರು ಅಂದ್ರೆ?

ಓ. ಎಂಬತ್ನಾಲ್ಕರಲ್ಲಿ ಅರವತ್ತೊಂದು ಕಳೆದ್ರೆ ಇಪ್ಪತ್ತಮೂರು. ಲೆಕ್ಕದಲ್ಲಿ ನೀನು ಜಾಣೆ, ಗೊತ್ತು. ಏಳು ಹೋದ್ರೆ ಇನ್ನು ಹದಿನಾರು ಎಲ್ಲಿ ಅಂತ ಕೇಳ್ತಿದೀಯ. ಕೇಳು, ಕೇಳು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳು ಅತ್ತೆ ಅಂತ ನಗು ಬೇಕಾದ್ರೆ. ಹದಿನಾರು ಜಾಡಿ... ಅವು... ಮುಚ್ಚಳ ಸರಿ ಕೂತಿರಲಿಲ್ಲ. ನೂರು ಜಾಡಿ ಮಾಡಿದ್ರೆ ನಾಲ್ಕೈದು ಹಾಗಾಗುತ್ತೆ, ಯಾರ ಮನೆಯಲ್ಲಿ ಆಗಲ್ಲ? ನಾನೇ ತೆಗೆದೆ. ನೀನು ತೊಟ್ಟಿಯಲ್ಲಿ ಬಟ್ಟೆ ಒಗೀತಿರುವಾಗ ಬುಟ್ಟಿಯಲ್ಲಿ ಇಟ್ಕೊಂಡು, ಮೇಲೆ ಒಂದು ಬಟ್ಟೆ ಮುಚ್ಚಿ, ಜೋಳದ ಹೊಲದ ಅಂಚಲ್ಲಿ ಹೂತೆ. ನಾಲ್ಕು ಸಲ. ಈ ಮೊಣಕಾಲಲ್ಲಿ.

ನೋಡಬೇಡ ಹಾಗೆ.

ಹದಿನಾರು ಅಂದ್ರೆ ನಾಲ್ಕೈದಲ್ಲ, ಗೊತ್ತು. ಮುಚ್ಚಳ ಉಬ್ಬಿದ್ವು. ಬೆರಳಲ್ಲಿ ಒತ್ತಿದ್ರೆ ಟಕ್ ಟಕ್ ಅಂತಿದ್ವು. ಮೊದಲನೇದು ತೆಗೆದಾಗ ಬುಸ್ ಅಂತ ನೊರೆ ಬಂತು. ತುಂಬಾ ಏನು ವಾಸನೆ ಇರಲಿಲ್ಲ, ಸ್ವಲ್ಪ ಹುಳಿ. ಬೆಣ್ಣೆ ಹಾಕಿ ಮಾಡಿದ್ದು, ಚೆಲ್ಲೋಕೆ ಮನಸ್ಸು ಬರಲಿಲ್ಲ, ಕೋಳಿಗೆ ಹಾಕ್ದೆ. ಮೂರು ಕೋಳಿ ಓಡಿ ಬಂದು ತಿಂದ್ವು. ಎರಡು ದಿನ ಬಿಟ್ಟು ನೋಡ್ತೀನಿ, ಮೂರೂ ಗೋಡೆ ಬದಿ ಕೂತಿವೆ. ಕತ್ತು ನಿಲ್ಲಲ್ಲ. ಎತ್ತಿ ಹಿಡಿದ್ರೆ ಒದ್ದೆ ಬಟ್ಟೆ ಥರ ಕೆಳಗೆ ಬೀಳುತ್ತೆ. ಕಣ್ಣು ಬಿಟ್ಟೇ ಇವೆ ಪಾಪ, ಕೂಗೋಕಾಗಲ್ಲ. ಸಂಜೆಗೆ ಹೋದ್ವು. ಆಟ್ಲಿಗೆ ಗಿಡುಗ ಹೊಡೀತು ಅಂದೆ. ಗಿಡುಗ ಹೊಡೆದಿದ್ರೆ ಗಾಯ ಇರಲ್ವಾ ಅತ್ತೆ ಅಂತ ನೀನು ಕೇಳ್ದೆ. ನಾನು ನಿನ್ನ ಮೇಲೆ ರೇಗಿದೆ.

ಆವತ್ತು ನನ್ನ ಮನೆಗೆ ಹೋಗಿ ಕೂತ್ಕೊಂಡೆ. ಏನು ತಪ್ಪಾಯ್ತು, ಏನು ತಪ್ಪಾಯ್ತು ಅಂತ. ಮೂರು ಗಂಟೆ ಕುದಿಸಿದೀನಿ, ನಮ್ಮಮ್ಮನ ಲೆಕ್ಕ. ಆಗ ಗಡಿಯಾರ ಹೊಡೀತು, ನನ್ನದು. ಹಿಂದೆಯೇ ನೆನಪಾಯ್ತು.

ನಗಬೇಡ. ನಗ್ತಿಲ್ವಾ? ಸರಿ.

ನಿಮ್ಮನೆ ಗಡಿಯಾರ ಸರ್ಕಾರದ ಸಮಯ. ವಸಂತದಲ್ಲಿ ಒಂದು ಗಂಟೆ ಮುಂದೆ ತಿರುಗಿಸಿ ನವೆಂಬರಿಗೆ ಹಿಂದೆ ತಿರುಗಿಸೋ ಸಮಯ. ಆಟ್ಲಿ ಮರದ ಮಿಲ್ಲಿಗೆ ಲಾರಿ ಬರೋದು ಅದರ ಪ್ರಕಾರ ಅಂತ ಇಟ್ಕೊಂಡ್ರಿ. ನಾನು ಮುಟ್ಟಲ್ಲ ಅಂದೆ. ನಮ್ಮ ಹಿರಿಯರು ಸೂರ್ಯನ್ನ ನೋಡಿ ಇಟ್ಟ ಸಮಯ ಇದು, ನನ್ನ ಗಡಿಯಾರ ಇದ್ದ ಹಾಗೇ ಇರುತ್ತೆ ಅಂದೆ. ಬೇಸಿಗೆ ಪೂರ್ತಿ ನಿಮ್ಮದಕ್ಕಿಂತ ಒಂದು ಗಂಟೆ ಹಿಂದೆ. 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಅಂತ ಆಟ್ಲಿ ಹಾಸ್ಯ ಮಾಡ್ತಿದ್ದ. ನೀನು ಎಷ್ಟು ಸಲ ಹೇಳ್ದೆ, 'ಅತ್ತೆ, ಒಂದೇ ಅಂಗಳ, ಒಂದೇ ಸಮಯ ಇಟ್ಕೊಳ್ಳೋಣ, ಎಲ್ಲಾದ್ರೂ ಎಡವಟ್ಟಾಗುತ್ತೆ' ಅಂತ. ನಾನು ಕೇಳಿದ್ನಾ?

ಮೊದಲೆರಡು ಹಂಡೆ ಸರಿಯಾಗಿ ಆಯ್ತು, ನನ್ನ ಗಡಿಯಾರದಲ್ಲೇ ಹಿಡಿದು ನನ್ನ ಗಡಿಯಾರದಲ್ಲೇ ಇಳಿಸಿದ್ದು. ಮೂರನೇ ಹಂಡೆ ಮಾರನೇ ದಿನ. ನೀರು ಕುದಿ ಬಂದಾಗ ಊಟಕ್ಕೆ ಅಂತ ನನ್ನ ಮನೆಗೆ ಹೋದೆ, ಗಡಿಯಾರ ನೋಡ್ದೆ, ಹನ್ನೆರಡು. ಮೂರಕ್ಕೆ ಇಳಿಸ್ಬೇಕು ಅಂತ ಮನಸ್ಸಲ್ಲಿ ಇಟ್ಕೊಂಡೆ. ಆಮೇಲೆ ಫೀಬಿ ನಿದ್ದೆಯಿಂದ ಎದ್ದು ಅತ್ತಳು, ಇಲ್ಲಿಗೆ ಬಂದೆ. ಇದೇ ಕುರ್ಚಿ. ಮಗೂನ ತೊಡೆ ಮೇಲೆ ಕೂರಿಸ್ಕೊಂಡು, ಆಗಾಗ ಹೋಗಿ ಸೌದೆ ಹಾಕಿ ಬರ್ತಾ, ಕೂತಿದ್ದೆ. ಆ ಗೋಡೆ ಮೇಲಿನ ಗಡಿಯಾರ ಮೂರು ಹೊಡೀತು. ಎದ್ದು ಹೋಗಿ ಇಳಿಸ್ದೆ.

ಎರಡೇ ಗಂಟೆ, ಓರ್ಫಾ. ನನ್ನ ಮನೆಯಲ್ಲಿ ಆಗ ಎರಡು ಗಂಟೆ.

ನಿನ್ನ ಆ ಕಾಗದನೂ ಓದಿದೆ. ನೀನಿಲ್ಲದಾಗ ಬೈಬಲ್ ಕೆಳಗಿಂದ ತೆಗೆದು ಓದಿದೆ. ಮೂರು ಗಂಟೆ ಕುದಿಸಿದ್ರೂ ಸಾಲಲ್ಲ ಅಂತ ಬರೆದಿದೆ. ಮುಚ್ಚಳ ಉಬ್ಬದೇ ಇದ್ರೂ ವಿಷ ಇರಬಹುದಂತೆ, ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ಶಾಲೆ ಒಲೆ ಮೇಲೆ ಬೆಚ್ಚಗೆ ಮಾಡಿದ್ರೆ ಅದು ಹೋಗಲ್ಲ. ಆಗಲೇ ಎಂಬತ್ನಾಲ್ಕನ್ನೂ ಹೊರಗೆ ಹಾಕ್ಬೇಕಿತ್ತು. ಮೂರೂ ಹಂಡೆದು ಕಲಸಿ ಜೋಡಿಸಿದ್ದೆ, ಯಾವುದು ಯಾವುದೋ ತಿಳಿಯಲ್ಲ. ಎಲ್ಲಾ ಹಾಕಿದ್ರೆ ನೀನು ಯಾಕೆ ಅಂತ ಕೇಳ್ತಿದ್ದೆ. ಕೌದಿ ಕೂಟದ ಹನ್ನೊಂದು ಜನ ಕೇಳ್ತಿದ್ರು. ಸೊಸೆ ಹೇಳಿದ್ದೇ ಸರಿ, ಅತ್ತೆ ಮಾಡಿದ್ದು ವಿಷವೇ ಅಂತ ನನ್ನ ಬಾಯಲ್ಲೇ ಹೇಳ್ಬೇಕಿತ್ತು. ಬರಲಿಲ್ಲ ಕಣೇ. ಹೆಂಗೂ ನೀನು ಜಾಡಿ ಮುಟ್ಟಲ್ವಲ್ಲ, ಮಕ್ಕಳಿಗೆ ಅಪಾಯ ಇಲ್ವಲ್ಲ, ನಿಧಾನಕ್ಕೆ ಒಂದೊಂದೇ ಹೂತು ಮುಗಿಸ್ತೀನಿ ಅನ್ಕೊಂಡೆ. ನೀನು ಮುಟ್ಟಲ್ಲ ಅನ್ನೋದೇ ನನಗೆ ಧೈರ್ಯ. ಅಷ್ಟರಲ್ಲಿ ನೀನು ಬಂದು ತೆಗೀತೀನಿ ಅಂದೆ.

ಬೇಡ ಅನ್ನೋಕೆ ಬಾಯಿ ತೆರೆದೆ ನಾನು. ದೇವರಾಣೆ ಅನ್ನಬಾರದು, ಆದ್ರೂ ದೇವರಾಣೆ, ತೆರೆದೆ. 'ಸಂತೋಷ' ಅಂದ್ಬಿಟ್ಟೆ.

ಈಗ ಗೊತ್ತಾಯ್ತಲ್ಲ, ಯಾಕೆ ಪೊಲೀಸರ ಥರ ನಿನ್ನ ಹಿಂದೆ ಬಿದ್ದಿದೀನಿ ಅಂತ. ಒಂದು ವಾರದಿಂದ ಮಕ್ಕಳು ಶಾಲೆಯಿಂದ ಬರೋ ತನಕ ಬೇಲಿ ಹತ್ರ ನಿಂತಿರ್ತೀನಿ, ನೆಟ್ಟಗೆ ನಡೀತಾವಾ ಅಂತ. ನಡೀತಾವೆ. ಓಡ್ತಾವೆ. ಅದಕ್ಕೇ ನಿನ್ನ ಮೇಲೆ ಅನುಮಾನ, ಅನುಮಾನ ಅಲ್ಲ ಕಣೇ, ಆಸೆ. ನೀನು ಹಟಮಾರಿ, ಅತ್ತೆ ಬೆನ್ನ ಹಿಂದೆ ತಿಪ್ಪೆಗೆ ಸುರಿದಿರ್ತೀಯ ಅನ್ನೋ ಆಸೆ. ಸುರಿದೆ ಅನ್ನು ತಾಯಿ. ನಿನ್ನ ಕಾಲು ಬೇಕಾದ್ರೂ ಹಿಡೀತೀನಿ. ಊಟದ ಗಂಟೆ ಆಗ್ತಾ ಬಂತು, ಅಲ್ಲಿ ಫೀಬಿ ಈಗ ಜಾಡಿ ತಗೊಂಡು ಒಲೆ ಹತ್ರ ಹೋಗ್ತಿದ್ರೆ... ತಲೆ ಅಲ್ಲಾಡಿಸಿದ್ರೂ ಸಾಕು. ಮಕ್ಕಳಿಗೆ ಕೊಟ್ಯಾ?

ಇಲ್ಲ.

ತಲೆ ಅಲ್ಲಾಡಿಸಿದೆ, ಇಲ್ಲ ಅಂದ್ಯಾ? ಒಂದೂ ಕೊಟ್ಟಿಲ್ಲ? ಇವತ್ತೂ ಇಲ್ಲ? ಅಬ್ಬ. ತಾಯಿ, ನಿನಗೆ ಪುಣ್ಯ ಬರಲಿ, ಇರು, ಕೂತ್ಕೋತೀನಿ. ಒಂದೂ ಕೊಟ್ಟಿಲ್ಲ. ಎಸೆದೆ ಅಂತ ಮೊದಲೇ ಅಂದಿದ್ರೆ...

ಎಸೆದೂ ಇಲ್ವಾ?

ಕೊಟ್ಟಿಲ್ಲ, ಎಸೆದಿಲ್ಲ. ಹಾಗಾದ್ರೆ ಎಲ್ಲಿ ಹೋದ್ವು? ಅಲ್ಲೇನು, ತೊಟ್ಟಿ ಪಕ್ಕ... ತೊಳೆದು ಬೋರಲು ಹಾಕಿದೀಯ. ಏಳೂ ಇಲ್ಲೇ ಇವೆ. ಖಾಲಿ. ಯಾರು ತಿಂದ್ರು, ಆಟ್ಲಿನಾ? ಅವನು ಮಧ್ಯಾಹ್ನ ಮಿಲ್ಲಲ್ಲೇ ತಿಂತಾನೆ. ಮಧ್ಯಾಹ್ನ ಮನೇಲಿ ಇರೋದು ನೀನೊಬ್ಬಳೇ.

ಎದೆ ಮೇಲೆ ಯಾಕೆ ಕೈ ಇಟ್ಕೋತೀಯ?

ನೀನಾ?

ದಿನಕ್ಕೊಂದು. ಮಕ್ಕಳಿಗೆ ಕೊಡೋ ಮುಂಚೆ ನೀನು ತಿಂದು ನೋಡ್ದೆ. ಒಂದು ವಾರ ನಾನು ತಿಂತೀನಿ, ನನಗೇನೂ ಆಗದೇ ಇದ್ರೆ ಮಕ್ಕಳಿಗೆ... ಅತ್ತೆಗೆ ಕೊಟ್ಟ ಮಾತೂ ಉಳೀಬೇಕು, ಮಕ್ಕಳೂ ಉಳೀಬೇಕು ಅಂತ. ಅಯ್ಯೋ ಹುಚ್ಚಿ. ಅಯ್ಯೋ ನನ್ನ ಹುಚ್ಚಿ. ಓರ್ಫಾ, ಮಾತಾಡು. ಸಿಟ್ಟಿಗೆ ಸುಮ್ಮನಿದೀಯ ಅಂತ ಹೇಳು. ಏನಾದ್ರೂ ಹೇಳು, ಬೈ ನನ್ನ. ನಾಲಿಗೆ... ನಾಲಿಗೆ ಹೊರಳ್ತಿಲ್ವಾ? ನಿನ್ನೆಯಿಂದಾ? ಕೆನ್ನೆಯಿಂದ ಕೈ ತೆಗೆಯೋದು ಬೇಡ, ಇರು ಇರು, ತೆಗೀಬೇಡ... ತಲೆ ಹಿಡ್ಕೊಂಡೆ, ನಾನು ಹಿಡ್ಕೊಂಡಿದೀನಿ. ಕತ್ತು. ಅಯ್ಯೋ ನಿನ್ನ ಕತ್ತು.

ನಿನ್ನೆ ಬೆಳಿಗ್ಗೆಯಿಂದ ನೀನು ಹೀಗೆ ಕೂತಿದೀಯ, ನಾನು ನಿನ್ನ ಪಿನ್ನು ಸೊಟ್ಟ ಅಂತಿದೀನಿ.

ಇಲ್ಲಿ, ಗೋಡೆಗೆ ಒರಗು. ದಿಂಬು ಕೊಡ್ತೀನಿ. ಉಸಿರು ಬರ್ತಿದೆಯಾ? ಬರ್ತಿದೆ. ಅದಕ್ಕೆ ಔಷಧಿ ಇದೆ ಕಣೇ, ಆ ಕಾಗದದಲ್ಲಿ ಬರೆದಿತ್ತು, ಬೇಗ ಆಸ್ಪತ್ರೆಗೆ ಹೋಗಿ ಏನು ತಿಂದಿದ್ದು ಅಂತ ಡಾಕ್ಟರಿಗೆ ಹೇಳ್ಬೇಕು. ಹೇಳದಿದ್ರೆ ಅವರಿಗೆ ಗೊತ್ತಾಗಲ್ಲ, ಬೇರೆ ಏನೋ ಕಾಯಿಲೆ ಅನ್ಕೋತಾರೆ. ನಾನು ಹೇಳ್ತೀನಿ. ಗ್ಲೆಂಡಾ ಹತ್ರ ಕಾರಿದೆ, ಫೋನಿದೆ. ಅವಳಿಗೆ ಮೊದಲು ಹೇಳ್ತೀನಿ, ಆಮೇಲೆ ಡಾಕ್ಟರಿಗೆ, ಆಮೇಲೆ ಆಟ್ಲಿಗೆ. ಆಟ್ಲಿಗೆ ಹೇಗೆ ಹೇಳ್ಲಿ... ಹೇಳ್ತೀನಿ. ಕೋಳಿದು, ಗಡಿಯಾರದ್ದು, ಹೂತಿದ್ದು, ಎಲ್ಲಾ. ಬಿಷಪ್ಪರು ಕೇಳಿದ್ರೆ ಎದ್ದು ನಿಂತು, ನನಗೆ ಸಮಾಧಾನ ಇಲ್ಲ, ನಾನು ಬದುಕಿರೋ ತನಕ ಇಲ್ಲ ಅಂತ ಹೇಳ್ತೀನಿ. ನನ್ನ ಮಾತು ಕೇಳು ಓರ್ಫಾ, ನೀನು ಮಾತ್ರ...

ಏನು? ಬೆರಳು ಎತ್ತಿ ಏನು ತೋರಿಸ್ತೀಯ? ಬಾಗಿಲಾ?

ಹೌದು. ಹೌದು, ಮಾತು ಸಾಕು. ಇಗೋ, ಹೋದೆ.